ಸೀತೆ ಎಂಬ ಹೆಸರು

ಮಗುವಿಗೆ ಹೆಸರಿಡುವಾಗ ಹಿರಿಯರು ಹೆಸರಿನ ಅರ್ಥವನ್ನು ಹುಡುಕುವುದು ಅಪರೂಪ; ಅವರು ನೆನೆಯುವುದು ಸಂಬಂಧವನ್ನು. ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುತ್ತದೆ. ಹರಕೆ ಹೊತ್ತ ದೇವರ ಹೆಸರು ಆ ಹರಕೆಯ ಫಲವಾದ ಕೂಸಿಗೆ ಬರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆಂಗಸರ ಹೆಸರುಗಳನ್ನು ಕೇಳುತ್ತ ಹೋದರೆ ಈ ಮಾತು ತಾನಾಗಿ ಮನದಟ್ಟಾಗುತ್ತದೆ. ಮುನಿಯಮ್ಮ, ವೆಂಕಟಮ್ಮ, ನಾರಾಯಣಮ್ಮ, ಯಲ್ಲಮ್ಮ, ಗಂಗಮ್ಮ, ಚೌಡಮ್ಮ ಎಂಬ ಒಂದೊಂದು ಹೆಸರಿನ ಹಿಂದೆಯೂ ಒಂದು ಗುಡಿಯೋ ಬೆಟ್ಟವೋ ಜಾತ್ರೆಯೋ ಇದ್ದೇ ಇರುತ್ತದೆ. ಈ ಹೆಸರುಗಳ ನಡುವೆ ಸೀತಮ್ಮ ಎಂಬ ಹೆಸರೂ ಉಂಟು. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಈ ಗಡಿನಾಡಿನಲ್ಲಿ ಎರಡು ಭಾಷೆಯವರೂ ಭೇದವಿಲ್ಲದೆ ಕರೆಯುವ ಹೆಸರು ಅದು. ಅದು ಶ್ರೀರಾಮನ ಮಡದಿಯ ಹೆಸರೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಹೆಸರು ಹುಟ್ಟಿದ್ದು ಅರಮನೆಯಲ್ಲಿ ಅಲ್ಲ, ಹೊಲದಲ್ಲಿ ಎಂಬುದನ್ನು ಬಲ್ಲವರು ಕಡಮೆ.

ಹೆಸರುಗಳು ಬಳಕೆಯಿಂದ ಸವೆಯುತ್ತವೆ. ಸವೆದಂತೆಲ್ಲ ಅವುಗಳ ಅರ್ಥ ಮರೆಯಾಗುತ್ತದೆ. ಊರುಗಳ ಹೆಸರನ್ನೇ ನೋಡಬಹುದು. ಗಂಗ ಅರಸರ ಶಾಸನಗಳಲ್ಲಿ ಕುವಳಾಲಪುರವೆಂದು ಕಾಣುವ ಊರು ಇಂದಿನ ಕೋಲಾರ. ಮೂಡಣ ದಿಕ್ಕಿನ ಬಾಗಿಲು ಮುಳಬಾಗಿಲಾಯಿತು. ಮಲ್ಲಿಗೆಯ ನೆನಪಿನ ಮಲ್ಲಿಕಾಪುರವು ಮಾಲೂರಾಯಿತೆಂದು ಹೇಳುವುದುಂಟು. ಪಾಪನಪಲ್ಲಿ ಎಂಬ ಹಳೆಯ ಹೆಸರು ಹೋಗಿ ಶ್ರೀನಿವಾಸಪುರ ಬಂದಿತು. ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ಎಂಬ ಗ್ರಾಮವಿದೆ. ಕನ್ನಡದ ಸಣ್ಣ ಕಥೆಗಳ ಜನಕರೆನಿಸಿದ ವೆಂಕಟೇಶ ಅಯ್ಯಂಗಾರ್ಯರ ಹೆಸರಿನೊಡನೆ ಆ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಮಾಸ್ತಿ ಎಂಬ ಪದ ಮಹಾಸತಿ ಎಂಬುದರ ಸವೆದ ರೂಪ. ಗಂಡನ ಚಿತೆಯನ್ನೇರಿ ಮಡಿದವಳಿಗೆ ನಿಲ್ಲಿಸಿದ ಕಲ್ಲಿಗೆ ಮಾಸ್ತಿಕಲ್ಲು ಎನ್ನುವರು. ಕನ್ನಡ ನಾಡಿನಲ್ಲಿ ಅಂಥ ಕಲ್ಲುಗಳು ನೂರಾರು ಇವೆ. ಅವುಗಳಲ್ಲಿ ಅನೇಕವು ಮಡಿದವಳ ಬಳೆ ತೊಟ್ಟ ಕೈಯನ್ನು ತೋರಿಸುತ್ತವೆಯೇ ಹೊರತು ಅವಳ ಹೆಸರನ್ನು ಹೇಳುವುದಿಲ್ಲ. ಹೆಣ್ಣಿನ ಹೆಸರು ಉಳಿಯುವುದು ಅಷ್ಟು ಸುಲಭವಲ್ಲ. ಹಾಗಿರುವಾಗ ಸಾವಿರಾರು ವರ್ಷ ಉಳಿದು ಬಂದ ಒಂದು ಹೆಸರು ಏನನ್ನು ಹೇಳುತ್ತದೆಂದು ವಿಚಾರಿಸುವುದು ಉಚಿತವೇ ಸರಿ.

ಸಂಸ್ಕೃತದಲ್ಲಿ ಸೀತಾ ಎಂದರೆ ನೇಗಿಲ ಸಾಲು. ಗುಳವು ನೆಲವನ್ನು ಸೀಳುತ್ತ ಮುಂದೆ ಸಾಗಿದಂತೆ ಅದರ ಹಿಂದೆ ಮೂಡುವ ಗೆರೆಯೇ ಸೀತೆ. ನೇಗಿಲಿಗೆ ಸೀರ ಎಂಬ ಹೆಸರುಂಟು. ಎಲ್ಲೆಗೆ ಸೀಮಾ ಎಂಬ ಹೆಸರುಂಟು. ನೇರವಾದ ಗೆರೆ ಎಳೆಯುವುದು ಎಂಬ ಅರ್ಥದ ಒಂದು ಹಳೆಯ ಧಾತುವಿನಿಂದ ಈ ಮೂರು ಪದಗಳೂ ಹುಟ್ಟಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ತುಂಬಿದ ಬಸುರಿಗೆ ಮಾಡುವ ಸೀಮಂತವೂ ಇದೇ ಬಳಗಕ್ಕೆ ಸೇರಿದ್ದು. ಸೀಮಂತವೆಂದರೆ ತಲೆಗೂದಲನ್ನು ಎರಡಾಗಿ ಬೇರ್ಪಡಿಸುವ ಬೈತಲೆಯ ಗೆರೆ. ಹೊಲದ ಮೇಲಿನ ಗೆರೆಯೂ ಹೆಣ್ಣಿನ ನೆತ್ತಿಯ ಮೇಲಿನ ಗೆರೆಯೂ ನಮ್ಮ ಪೂರ್ವಿಕರ ಕಣ್ಣಿಗೆ ಒಂದರಂತೊಂದು ಕಂಡಿರಬಹುದು. ಎರಡೂ ಫಲದ ನಿರೀಕ್ಷೆಯ ಗುರುತುಗಳು.

ಈ ಸೀತೆಯನ್ನು ದೇವತೆಯೆಂದು ಭಾವಿಸಿದ ಕಾಲ ಬಹಳ ಹಿಂದಿನದು. ಋಗ್ವೇದದ ನಾಲ್ಕನೆಯ ಮಂಡಲದಲ್ಲಿ ಹೊಲದೊಡೆಯನಾದ ಕ್ಷೇತ್ರಪತಿಯನ್ನು ಸ್ತುತಿಸುವ ಸೂಕ್ತವೊಂದಿದೆ. ಎತ್ತುಗಳಿಗೆ, ಆಳುಗಳಿಗೆ, ನೇಗಿಲಿಗೆ ಒಳಿತನ್ನು ಕೋರಿದ ಆ ಋಷಿ ಕೊನೆಯಲ್ಲಿ ಸೀತೆಯನ್ನು ಹತ್ತಿರ ಕರೆದು, ಫಲ ಕೊಡೆಂದು ಬೇಡುತ್ತಾನೆ. ಪಾರಸ್ಕರ ಗೃಹ್ಯಸೂತ್ರದಲ್ಲಿ ಸೀತಾಯಜ್ಞವೆಂಬ ಬೇಸಾಯದ ಪೂಜೆಯೇ ಇದೆ. ಅಲ್ಲಿ ಆಕೆ ಮಳೆಯ ದೇವನಾದ ಇಂದ್ರನ ಪತ್ನಿ. ಮಳೆಯೂ ಸಾಲೂ ಕೂಡಿದರೆ ಬೆಳೆ ಎಂಬ ರೈತನ ಅನುಭವವೇ ಈ ದಾಂಪತ್ಯವಾಗಿ ರೂಪುಗೊಂಡಿರಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪದ ರಾಜ್ಯಾಡಳಿತದ ಪದವಾಗಿ ನಿಂತಿದೆ. ಅರಸನ ಹೊಲಗಳ ಬೇಸಾಯವನ್ನು ನೋಡಿಕೊಳ್ಳುವ ಅಧಿಕಾರಿಗೆ ಅವನು ಸೀತಾಧ್ಯಕ್ಷನೆಂದು ಹೆಸರಿಡುತ್ತಾನೆ. ಮಳೆಯ ಅಳತೆ, ಬೀಜದ ಆಯ್ಕೆ, ಬಿತ್ತನೆಯ ಕಾಲ ಇವೆಲ್ಲ ಆ ಅಧಿಕಾರಿ ತಿಳಿದಿರಬೇಕಾದ ವಿಷಯಗಳು.

ಆದಿಕವಿ ವಾಲ್ಮೀಕಿ ಈ ಹಳೆಯ ಪದಕ್ಕೆ ಕಣ್ಣು, ಬಾಯಿ, ಹೃದಯಗಳನ್ನು ಕೊಟ್ಟನು. ಮಿಥಿಲೆಯ ಜನಕರಾಜನು ಹೊಲವನ್ನು ಉಳುತ್ತಿದ್ದಾಗ ನೇಗಿಲಿನ ಸಾಲಿನಿಂದ ಕೂಸೊಂದು ಮೇಲೆದ್ದಿತು. ಸಾಲಿನಲ್ಲಿ ದೊರೆತುದರಿಂದ ಅದಕ್ಕೆ ಸೀತೆ ಎಂದೇ ಹೆಸರಾಯಿತೆಂದು ಬಾಲಕಾಂಡದಲ್ಲಿ ಜನಕನೇ ವಿಶ್ವಾಮಿತ್ರನಿಗೆ ತಿಳಿಸುತ್ತಾನೆ. ಜಾನಕಿ, ಮೈಥಿಲಿ, ವೈದೇಹಿ ಎಂಬ ಹೆಸರುಗಳು ಆಕೆಗೆ ತಂದೆಯಿಂದಲೂ ನಾಡಿನಿಂದಲೂ ಬಂದವು. ಸೀತೆ ಎಂಬುದೊಂದು ಮಾತ್ರ ಆಕೆಗೆ ನೆಲದಿಂದ ಬಂದ ಹೆಸರು. ಅರಸನೊಬ್ಬನು ತಾನೇ ನೇಗಿಲು ಹಿಡಿದುದು ಈ ಕಥೆಯ ಒಂದು ಸೊಗಸು. ಸಿಕ್ಕಿದ ಹೆಣ್ಣುಕೂಸನ್ನು ಯಾರದೆಂದು ವಿಚಾರಿಸದೆ ಎತ್ತಿಕೊಂಡು ಮಗಳೆಂದು ಕರೆದುದು ಇನ್ನೂ ದೊಡ್ಡ ಸೊಗಸು.

ಕೋಲಾರದ ಸೀಮೆಯಲ್ಲಿ ನಿಂತು ನೋಡಿದರೆ ಈ ಹೆಸರಿನ ಬೆಲೆ ಚೆನ್ನಾಗಿ ತಿಳಿಯುತ್ತದೆ. ಇಲ್ಲಿ ವರ್ಷವೆಲ್ಲ ತುಂಬಿ ಹರಿಯುವ ನದಿಯಿಲ್ಲ. ಪಾಲಾರ್ ಹೊಳೆ ಬಹುಕಾಲ ಮರಳಾಗಿಯೇ ಇರುತ್ತದೆ. ಇಲ್ಲಿಯ ಬೇಸಾಯಕ್ಕೆ ಆಧಾರವಾಗಿದ್ದುದು ಹಿಂದಿನವರು ಕಟ್ಟಿದ ಸಾವಿರಾರು ಕೆರೆಗಳು ಮತ್ತು ಮುಂಗಾರು ಹಿಂಗಾರುಗಳ ನಡುವೆ ಸುರಿಯುವ ಅಷ್ಟಿಷ್ಟು ಮಳೆ. ಮಳೆ ಬಿದ್ದ ಮೇಲೆ ಹದ ನೋಡಿ ಉಳಬೇಕು. ಇಳಿಜಾರಿಗೆ ಅಡ್ಡಲಾಗಿ ಉತ್ತ ಸಾಲು ಓಡುವ ನೀರನ್ನು ತಡೆದು ನೆಲಕ್ಕೆ ಇಂಗಿಸುತ್ತದೆ. ಬಿದ್ದ ಬೀಜವನ್ನು ಹಕ್ಕಿಯ ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ. ಉಳದೆ ಬಿಟ್ಟದ್ದು ಬರಿಯ ಬಯಲು. ಮೊದಲ ಸಾಲು ಬಿದ್ದ ಮೇಲೆಯೇ ಅದಕ್ಕೆ ಹೊಲವೆಂಬ ಹೆಸರು.

ಈ ಭಾಗದ ರಾಗಿಯ ಹೊಲಗಳಲ್ಲಿ ಅಕ್ಕಡಿ ಸಾಲು ಎಂಬ ಪದ್ಧತಿ ಬಹಳ ಕಾಲದಿಂದ ನಡೆದು ಬಂದಿದೆ. ರಾಗಿಯ ಸಾಲುಗಳ ನಡುವೆ ನಿಯಮಿತ ಅಂತರದಲ್ಲಿ ಒಂದೊಂದು ಸಾಲನ್ನು ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳುಗಳಿಗೆ ಬಿಡುತ್ತಾರೆ. ಮಳೆ ಕೈಕೊಟ್ಟು ರಾಗಿ ಒಣಗಿದರೂ ಅಕ್ಕಡಿಯ ಕಾಳು ಮನೆಯ ಸಾರಿಗೆ ಒದಗುತ್ತದೆ. ಗಂಡಸು ಎತ್ತುಗಳನ್ನು ಹೊಡೆದುಕೊಂಡು ಮುಂದೆ ಹೋಗುವಾಗ, ಹಿಂದಿನಿಂದ ಮಡಿಲಲ್ಲಿ ಕಾಳು ಕಟ್ಟಿಕೊಂಡು ಸಾಲಿಗೆ ಬೀಜ ಬಿಡುತ್ತ ನಡೆಯುವವಳು ಸಾಮಾನ್ಯವಾಗಿ ಹೆಂಗಸು. ಹೆಣ್ಣು ನೇಗಿಲ ಮೇಣಿಯನ್ನು ಹಿಡಿಯಬಾರದೆಂಬ ಕಟ್ಟು ದೇಶದ ಅನೇಕ ಕಡೆಗಳಲ್ಲಿ ಇದ್ದಿತು. ಸಾಲಿಗೆ ಬೀಜವಿಡುವ, ಕಳೆ ಕೀಳುವ, ತೆನೆ ಕೊಯ್ಯುವ ಕೆಲಸಗಳಿಗೆ ಮಾತ್ರ ಅಂಥ ಕಟ್ಟು ಇರಲಿಲ್ಲ. ಸೀತೆ ಎಂಬ ಹೆಸರನ್ನು ಹೊತ್ತವಳು ಜೀವಮಾನವೆಲ್ಲ ಸೀತೆಯ ಜೊತೆಯಲ್ಲಿಯೇ ನಡೆದಳು, ಹೆಸರಿನ ಅರ್ಥ ತಿಳಿಯದೆಯೇ.

ಕನ್ನಡದ ಜನಪದರು ಈ ಹೆಸರಿಗೆ ತಮ್ಮದೇ ಆದ ಮತ್ತೊಂದು ಅರ್ಥವನ್ನು ಹೇಳುತ್ತಾರೆ. ನೇಗಿಲಿಗೂ ಅದಕ್ಕೂ ಮೇಲುನೋಟಕ್ಕೆ ಸಂಬಂಧವಿಲ್ಲ. ಜನಪದ ರಾಮಾಯಣದ ಒಂದು ಪಾಠದಲ್ಲಿ ಮಕ್ಕಳಿಲ್ಲದ ರಾವಣನಿಗೆ, ಆ ಕಥೆಯ ಮಾತಿನಲ್ಲಿ ರಾವುಳನಿಗೆ, ಶಿವನು ಒಂದು ಮಾವಿನ ಹಣ್ಣನ್ನು ಕೊಡುತ್ತಾನೆ. ಹಣ್ಣಿನ ತಿರುಳನ್ನು ಹೆಂಡತಿಗೆ ಕೊಟ್ಟು ತಾನು ಓಟೆಯನ್ನು ಚೀಪಬೇಕೆಂಬುದು ಕಟ್ಟಳೆ. ಆಸೆ ತಡೆಯಲಾರದೆ ರಾವುಳನು ತಿರುಳನ್ನು ತಾನೇ ತಿಂದುಬಿಡುತ್ತಾನೆ. ಬಸುರಾಗುವ ಸರದಿಯೂ ಅವನದೇ ಆಗುತ್ತದೆ. ಒಂದೊಂದು ದಿನ ಒಂದೊಂದು ತಿಂಗಳಿನಂತೆ ಕಳೆದು, ಒಂಬತ್ತನೆಯ ದಿನ ಅವನು ಸೀನುತ್ತಾನೆ. ಆ ಸೀನಿನಿಂದ ಹೆಣ್ಣುಮಗು ಹುಟ್ಟುತ್ತದೆ. ಸೀತದ್ದರಿಂದ ಹುಟ್ಟಿದವಳು ಸೀತೆ! ವಿದ್ವಾಂಸರಾದ ಎ. ಕೆ. ರಾಮಾನುಜನ್ ಅವರು ರಾಮಾಯಣದ ನಾನಾ ರೂಪಗಳನ್ನು ಕುರಿತು ಬರೆದು ೧೯೯೧ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ಕಥೆಯನ್ನು ವಿವರಿಸಿದ ಮೇಲೆ ಅದು ಹೊರನಾಡಿನ ಓದುಗರಿಗೂ ತಿಳಿಯಿತು. ಮಾವಿನ ತೋಪುಗಳಿಗೆ ಹೆಸರಾದ ಶ್ರೀನಿವಾಸಪುರದ ಮಕ್ಕಳು ಕೇಳಿದರೆ ಹೊಟ್ಟೆ ತುಂಬ ನಗಬಹುದಾದ ಕಥೆ ಇದು.

ನಗೆಯ ಹಿಂದೆ ನೋವೂ ಇದೆ. ಮಾತು ತಪ್ಪಿದ್ದಕ್ಕೆ ಬಂದ ಶಿಕ್ಷೆ ಈ ಮಗುವೆಂದು ಜೋಯಿಸರು ಹೇಳಲು, ರಾವುಳನು ಅದನ್ನು ಪೆಟ್ಟಿಗೆಯಲ್ಲಿಟ್ಟು ಜನಕನ ಹೊಲದಲ್ಲಿ ಬಿಟ್ಟು ಬರುತ್ತಾನೆ. ಹೀಗೆ ಸುತ್ತಿಬಳಸಿ ಈ ಕಥೆಯೂ ಹೊಲಕ್ಕೇ ಬಂದು ಸೇರುತ್ತದೆ. ವಾಲ್ಮೀಕಿ ಹೇಳದೆ ಬಿಟ್ಟದ್ದನ್ನು ಜನಪದರು ಊಹಿಸಿದರು. ಸಾಲಿನಲ್ಲಿ ಕೂಸು ಸಿಕ್ಕಿತೆಂದರೆ ಅದನ್ನು ಅಲ್ಲಿ ಬಿಟ್ಟವರೂ ಯಾರೋ ಇದ್ದಿರಬೇಕು. ಹೆಣ್ಣು ಹುಟ್ಟಿತೆಂದು ಮುಖ ಬಾಡಿಸಿಕೊಂಡ ಮನೆಗಳನ್ನು ಕಂಡವರಿಗೆ ಈ ಊಹೆ ಕಷ್ಟವಾಗಲಿಲ್ಲ.

ಅಂಥ ಕೂಸು ಬೆಳೆದು, ಮದುವೆಯಾಗಿ, ಮತ್ತೊಮ್ಮೆ ಬಿಡಲ್ಪಟ್ಟಾಗ ಬಂದು ಸೇರಿದ ತಾಣ ತಮ್ಮ ಊರೇ ಎಂದು ಮುಳಬಾಗಿಲು ತಾಲ್ಲೂಕಿನ ಆವಣಿಯ ಜನ ನಂಬುತ್ತಾರೆ. ಆವಣಿ ಎಂಬ ಹೆಸರಿನ ಮೂಲ ಏನೇ ಇರಲಿ, ಅದನ್ನು ಕೇಳಿದೊಡನೆ ಭೂಮಿ ಎಂಬ ಅರ್ಥದ ಅವನಿ ಎಂಬ ಪದ ನೆನಪಾಗುತ್ತದೆ. ಭೂಮಿಯ ಮಗಳು ಆಶ್ರಯ ಪಡೆಯಲು ತಕ್ಕ ಹೆಸರಿನ ಊರೇ ದೊರೆತಂತಾಯಿತು. ಬಂಡೆಗಳಿಂದ ತುಂಬಿದ ಅಲ್ಲಿಯ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿದ್ದಿತೆಂದೂ, ಲವಕುಶರು ಅಲ್ಲಿಯೇ ಹುಟ್ಟಿದರೆಂದೂ ಪ್ರತೀತಿ. ಬೆಟ್ಟದ ಮೇಲೆ ಸೀತಾ ಪಾರ್ವತಿಯರ ಗುಡಿ ಇದೆ. ಮಕ್ಕಳಿಲ್ಲದ ಹೆಂಗಸರು ಅಲ್ಲಿಗೆ ಬಂದು ಹರಕೆ ಹೊರುವುದು ವಾಡಿಕೆ. ತಾನೇ ನಿರಾಶ್ರಿತಳಾಗಿದ್ದವಳು ಇತರ ತಾಯಂದಿರಿಗೆ ಆಶ್ರಯವಾದುದು ಜನರ ನಂಬಿಕೆಯ ಹಿರಿಮೆ.

ಬೆಟ್ಟದ ಬುಡದಲ್ಲಿರುವ ರಾಮಲಿಂಗೇಶ್ವರ ದೇವಾಲಯ ಸಮುಚ್ಚಯವು ನೊಳಂಬ ಅರಸರ ಕಾಲದ ಕೆಲಸಕ್ಕೆ ಪ್ರಸಿದ್ಧವಾದುದು. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳು ಅಲ್ಲಿವೆ. ಹತ್ತನೆಯ ಶತಮಾನದಲ್ಲಿ ಅಲ್ಲಿದ್ದ ತ್ರಿಭುವನಕರ್ತನೆಂಬ ಯತಿ ಅನೇಕ ದೇವಾಲಯಗಳನ್ನು ಕಟ್ಟಿಸಿದುದಲ್ಲದೆ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ನೇಗಿಲ ಸಾಲಿಗೆ ನೀರು ಬೇಕೆಂಬುದನ್ನು ಆ ವಿರಕ್ತನೂ ಬಲ್ಲವನಾಗಿದ್ದನು. ಸೀತೆಗೆ ಆಶ್ರಯವಿತ್ತ ಗೌರವವನ್ನು ದೇಶದ ಬೇರೆ ಊರುಗಳೂ ಬಯಸುತ್ತವೆ. ಉತ್ತರದಲ್ಲಿ ಗಂಗೆಯ ದಡದ ಬಿಠೂರು, ದಕ್ಷಿಣದಲ್ಲಿ ವಯನಾಡಿನ ಪುಲ್ಪಳ್ಳಿ ತಮ್ಮ ತಮ್ಮ ಗುರುತುಗಳನ್ನು ತೋರಿಸುತ್ತವೆ. ಇವುಗಳಲ್ಲಿ ಯಾವುದು ನಿಜವೆಂದು ವಾದಿಸುವುದಕ್ಕಿಂತ, ಊರೂರೂ ಆಕೆಯನ್ನು ತನ್ನ ಮಗಳೆಂದು ಬರಮಾಡಿಕೊಳ್ಳಲು ಹಂಬಲಿಸಿತೆಂಬುದನ್ನು ಗಮನಿಸುವುದು ಮೇಲು.

ಇಷ್ಟು ಪ್ರೀತಿಯಿದ್ದರೂ ಮಗಳಿಗೆ ಆ ಹೆಸರಿಡಲು ಕೆಲವರು ಅಂಜುತ್ತಾರೆ. ಸೀತೆಯ ಹೆಸರಿಟ್ಟರೆ ಸೀತೆಯ ಕಷ್ಟವೂ ಬಂದೀತೆಂಬ ಭಯ ಅವರದು. ಆಕೆಯ ತವರಾದ ಮಿಥಿಲೆಯಲ್ಲಿಯೇ, ಸೀತಾರಾಮರ ವಿವಾಹದ ತಿಥಿಯೆಂದು ಆಚರಿಸುವ ವಿವಾಹಪಂಚಮಿಯಂದು ಮಗಳ ಮದುವೆ ಮಾಡಲು ಅನೇಕ ಮನೆಗಳವರು ಒಪ್ಪುವುದಿಲ್ಲ. ಕನ್ನಡಿಗರೂ ಆ ಸಂಕಟವನ್ನು ಅರಿತವರೇ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಸುರಿಯಾದ ಸೀತೆಯನ್ನು ಲಕ್ಷ್ಮಣನು ಕಾಡಿನಲ್ಲಿ ಬಿಟ್ಟು ಬರುವ ಪ್ರಸಂಗವನ್ನು ಓದುವಾಗ ಗಮಕಿಗಳ ಕಂಠವೂ ಕೇಳುವವರ ಕಣ್ಣೂ ತುಂಬಿ ಬರುತ್ತಿದ್ದವು. ಆದರೆ ಕವಿಗಳು ಅಳುವಿನಲ್ಲಿಯೇ ನಿಲ್ಲಲಿಲ್ಲ. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ತಮ್ಮ ಒಂದು ಕಾವ್ಯಕ್ಕೆ ‘ಶ್ರೀರಾಮ ಪರೀಕ್ಷಣಂ’ ಎಂದು ಹೆಸರಿಟ್ಟರು. ಲೋಕವು ಸೀತೆಯ ಪರೀಕ್ಷೆಯನ್ನು ಮಾತ್ರ ಬಲ್ಲುದು. ಇಲ್ಲಿ ಪರೀಕ್ಷೆ ರಾಮನದು ಎಂಬುದನ್ನು ಆ ಹೆಸರೇ ಸಾರುತ್ತದೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಒಬ್ಬಳೇ ಹೊರಬೇಕಾಗಿದ್ದ ಭಾರವನ್ನು ಇಬ್ಬರೂ ಹಂಚಿಕೊಳ್ಳುವಂತೆ ಮಾಡಿದ ಕವಿ ನ್ಯಾಯವದು.

ಕಷ್ಟಗಳು ಬಂದದ್ದು ಹೆಸರಿನಿಂದಲ್ಲ. ಹೆಸರಿಗೆ ದುಃಖದ ಅರ್ಥವೇ ಇಲ್ಲ. ಸಮುದ್ರವನ್ನು ದಾಟಿ ಹೋದ ಈ ಹೆಸರು ಜಾವಾ ದ್ವೀಪದಲ್ಲಿ ಸಿಂತಾ ಆಗಿ, ಥಾಯ್ಲೆಂಡಿನಲ್ಲಿ ಸೀದಾ ಆಗಿ ಇಂದಿಗೂ ನಾಟಕ, ಗೊಂಬೆಯಾಟಗಳಲ್ಲಿ ಉಳಿದಿದೆ. ಇಂಡೋನೇಷ್ಯದಲ್ಲಿ ಹೆಣ್ಣುಮಕ್ಕಳಿಗೆ ಸಿಂತಾ ಎಂದು ಹೆಸರಿಡುವುದು ಸಾಮಾನ್ಯ. ಧರ್ಮ, ಭಾಷೆ, ಉಡುಪು ಎಲ್ಲ ಬೇರೆಯಾದ ಕಡೆಯಲ್ಲಿಯೂ ಜನ ಆ ಹೆಸರನ್ನು ಒಲವಿನಿಂದಲೇ ಇಟ್ಟುಕೊಂಡರು.

ನಿಜವಾಗಿ ಅಂಜಬೇಕಾದ ವಿಷಯ ಬೇರೊಂದಿದೆ. ನೇಗಿಲ ಸಾಲಿನ ಹೆಸರನ್ನು ಹೊತ್ತ ಮಗಳಿಗೆ ಆ ಸಾಲಿರುವ ಹೊಲದಲ್ಲಿ ಪಾಲಿರಲಿಲ್ಲ. ಹುಟ್ಟಿದ ಮನೆಯಲ್ಲಿ ಅವಳು ಕೊಟ್ಟ ಹೆಣ್ಣು. ಸೇರಿದ ಮನೆಯಲ್ಲಿ ಬಂದ ಹೆಣ್ಣು. ಪಹಣಿಯಲ್ಲಿ ತಂದೆಯ ಹೆಸರು ಹೋಗಿ ಅಣ್ಣತಮ್ಮಂದಿರ ಹೆಸರು ಬರುತ್ತಿದ್ದಿತು. ಉಳ್ಳವರು ಮಗಳಿಗೆ ಅರಿಶಿನ ಕುಂಕುಮಕ್ಕೆಂದು ತುಂಡು ನೆಲವನ್ನು ದಾನಪತ್ರದ ಮೂಲಕ ಕೊಡುತ್ತಿದ್ದುದುಂಟು. ಅದು ಪ್ರೀತಿಯ ಕೊಡುಗೆಯೇ ಹೊರತು ಹಕ್ಕಾಗಿರಲಿಲ್ಲ. ಕೋಲಾರವು ಸೇರಿದ್ದ ಹಳೆಯ ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆಯನ್ನು ತಂದು, ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಮಗಳಿಗೂ ಒಂದಿಷ್ಟು ಪಾಲನ್ನು ಒಪ್ಪಿಕೊಂಡಿತು. ಸಮಪಾಲಲ್ಲದಿದ್ದರೂ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಸ್ವಾತಂತ್ರ್ಯಾನಂತರ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಿತು. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹಕ್ಕು ದೊರೆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಹಕ್ಕುದಾರಳೆಂಬ ತಿದ್ದುಪಡಿ ಕರ್ನಾಟಕದಲ್ಲಿ ೧೯೯೪ರ ಜುಲೈ ೩೦ರಂದು ಜಾರಿಗೆ ಬಂದಿತು. ಅದಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. ೨೦೦೫ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕೆಂಬ ನಿಬಂಧನೆ ಇಲ್ಲವೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಕಾಯಿದೆ ಬಂದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ, ಅಣ್ಣತಮ್ಮಂದಿರು ಕರೆತಂದ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಹಕ್ಕನ್ನು ಬಿಟ್ಟುಕೊಡುವ ಅಕ್ಕತಂಗಿಯರು ಇಂದಿಗೂ ಇದ್ದಾರೆ. ಗೌರಿಹಬ್ಬಕ್ಕೆ ಬರುವ ಒಂದು ಸೀರೆ ನಿಂತುಹೋಗಬಾರದೆಂದು ಒಂದು ಎಕರೆಯನ್ನು ಬಿಟ್ಟವರುಂಟು. ಅವರನ್ನು ಅರಿಯದವರೆಂದು ಹಗುರವಾಗಿ ಕಾಣಲಾಗದು. ತವರೆಂಬುದು ಹೆಣ್ಣಿಗೆ ಎಕರೆ ಗುಂಟೆಗಳಲ್ಲಿ ಅಳೆಯುವಂಥದಲ್ಲ. ಆದರೆ ತವರಿನ ಪ್ರೀತಿಗೂ ತವರಿನ ನೆಲಕ್ಕೂ ನಡುವೆ ಒಂದನ್ನು ಮಾತ್ರ ಆರಿಸಿಕೊಳ್ಳೆಂದು ಅವಳನ್ನೇಕೆ ಕೇಳಬೇಕು? ಗಂಡುಮಗನನ್ನು ಯಾರೂ ಹಾಗೆ ಕೇಳುವುದಿಲ್ಲ.

ಕಥೆಯ ಕೊನೆಯಲ್ಲಿ ಸೀತೆ ಮತ್ತೊಮ್ಮೆ ಪರೀಕ್ಷೆಗೆ ಒಪ್ಪದೆ ತಾಯಿಯಾದ ಭೂಮಿಯನ್ನು ಕರೆಯುತ್ತಾಳೆ. ಭೂಮಿ ಬಾಯ್ದೆರೆದು ಮಗಳನ್ನು ಕರೆದುಕೊಳ್ಳುತ್ತದೆ. ಅರಮನೆಗಳು ಕೊಡದ ಜಾಗವನ್ನು ನೆಲ ಕೊಟ್ಟಿತು. ಹೆಣ್ಣಿಗೆ ನೆಲ ದೊರೆಯುವುದು ಬಾಳು ಮುಗಿದ ಮೇಲೆ ಆಗಬಾರದು, ಬಾಳುವಾಗಲೇ ಆಗಬೇಕು ಎಂಬುದು ಆ ಕೊನೆಯಿಂದ ಇಂದಿನವರು ಕಲಿಯಬಹುದಾದ ಪಾಠ.

ಮಗಳಿಗೆ ಸೀತೆ ಎಂದು ಹೆಸರಿಡುವವರು ಅಂಜಬೇಕಾಗಿಲ್ಲ. ಬಯಲನ್ನು ಹೊಲವನ್ನಾಗಿ ಮಾಡುವ, ನೀರನ್ನು ಹಿಡಿದಿಡುವ, ಬೀಜವನ್ನು ಕಾಯುವ ಗೆರೆಯ ಹೆಸರು ಅದು. ಜನಕನು ಆ ಗೆರೆಯಲ್ಲಿ ಕೂಸನ್ನು ಕಂಡಾಗ ನೇಗಿಲನ್ನು ನಿಲ್ಲಿಸಿ, ಬಾಗಿ, ಎರಡು ಕೈಗಳಿಂದ ಎತ್ತಿಕೊಂಡನು. ಆ ಹೆಸರನ್ನು ಇಡುವವರು ಅಷ್ಟನ್ನು ಮಾಡಿದರೆ ಸಾಕು.